ಟವೆಲ್ಲಿನ ಕೆಳಗೆ ಗುಳಿಗೆಯ ವ್ಯಾಪಾರ

ನಾನು ನಿಂತದ್ದು ಜಮಖಂಡಿಯ ಮನೋವೈದ್ಯರ ಬಾಗಿಲ ಬಲಗಡೆ, ಚಪ್ಪಲಿ ಬಿಡುವ ಜಾಗದಲ್ಲಿ. ಹೋದ ಶ್ರಾವಣದ ಒಂದು ಸೋಮವಾರ, ಊಟದ ಹೊತ್ತಿಗೆ ತುಸು ಮೊದಲು. ಅಲ್ಲಿಂದ ಬೆಂಚು ಪೂರ್ತಿ ಕಾಣುತ್ತಿತ್ತು. ಅದರ ಮೇಲೆ ನನ್ನ ಅಣ್ಣ, ಅವನ ಹೆಂಡತಿ ವೈನಿ, ಮತ್ತೆ ಮುಧೋಳ ಕಡೆಯ ಒಬ್ಬ ಎತ್ತಿನ ದಲಾಲಿ.

ಅಣ್ಣನಿಗೆ ಸ್ಕಿಜೋಫ್ರೇನಿಯಾ. ಬನಹಟ್ಟಿಯ ನಮ್ಮ ಮನೆಯಲ್ಲಿ ಮಗ್ಗದ ಸದ್ದು ನಿಂತ ಮೇಲೂ ಅವನ ಕಿವಿಯಲ್ಲಿ ಜನ ಮಾತಾಡುತ್ತಿದ್ದರು. ಗುಳಿಗೆ ಶುರುವಾದ ಮೇಲೆ ಆ ಜನ ಎದ್ದುಹೋದರು. ಆದರೆ ಬೆರಳು ಸೆಟೆದುಕೊಂಡವು. ಕಡಿದ ಎಳೆಗೆ ಗಂಟು ಹಾಕಲಾಗದೆ ಮಗ್ಗದ ಮುಂದೆ ಸುಮ್ಮನೆ ನಿಲ್ಲುತ್ತಿದ್ದ. ಡಾಕ್ಟರ ಮುಂದೆ ಮಾತ್ರ ಪ್ರತಿ ಸಲವೂ ಆರಾಮ ಎನ್ನುತ್ತಿದ್ದ. ಇನ್ನು ಗುಳಿಗೆ ಬಿಡುತ್ತೇನೆ ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದ. ಹಿಂದೊಮ್ಮೆ ಬಿಟ್ಟಾಗ ಆ ಜನ ಮರಳಿ ಬಂದದ್ದನ್ನು ನಾವು ಮರೆತಿರಲಿಲ್ಲ.

ದಲಾಲಿಯದೂ ಅದೇ ರೋಗ, ಗುಳಿಗೆ ಬೇರೆ. ಕೈ ಹಗುರಾಗಿವೆಯಂತೆ, ಆದರೆ ಉಂಡು ಕೈ ತೊಳೆಯುವಷ್ಟರಲ್ಲಿ ಮತ್ತೆ ರೊಟ್ಟಿ ನೆನಪಾಗುತ್ತದಂತೆ. ಹೊಟ್ಟೆಯ ಮೇಲೆ ಬಿಗಿದ ಅವನ ಅಂಗಿಯ ಗುಂಡಿಗಳು ಹೌದೆನ್ನುತ್ತಿದ್ದವು. ಒಬ್ಬರ ಸ್ಟ್ರಿಪ್ಪನ್ನು ಇನ್ನೊಬ್ಬರು ತಿರುಗಿಸಿ ನೋಡಿದರು. ಒಂದಕ್ಕೆ ಎರಡು ಕೊಡುತ್ತೇನೆ ಎಂದ ಅಣ್ಣ. ಬಾಯಿಮಾತಿಗೆ ಒಪ್ಪದ ದಲಾಲಿ ಹೆಗಲ ಮೇಲಿನ ಟವೆಲ್ ತೆಗೆದು ಇಬ್ಬರ ಕೈಮೇಲೂ ಹಾಸಿದ. ಸಂತೆಯಲ್ಲಿ ಎತ್ತಿನ ಬೆಲೆ ಕುದುರುವುದು ಹೀಗೆಯೇ, ಬಟ್ಟೆಯ ಕೆಳಗೆ ಬೆರಳು ಹಿಡಿದು; ಚಾಚಿದ ಬೆರಳೆಷ್ಟೋ ಬೆಲೆ ಅಷ್ಟು.

ದಲಾಲಿ ಅಣ್ಣನ ಮುಖವನ್ನು ಅನುಮಾನದಿಂದ ನೋಡಿದ.

"ಒಂದಕ್ಕ ಐದು ಕೊಡಾಕತ್ತೀರಿ. ನಿಮ್ಮ ಗುಳಿಗ್ಯಾಗ ಏನರ ಐಬ ಐತೇನ್ರಿ?"

"ಎರಡ ರೀ ನಾ ಹೇಳಿದ್ದು. ಉಳದ ಬೆರಳ ಮಡಚಾಕ ಬರವಲ್ವು."

ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದ ಡಾಕ್ಟರು ಅದನ್ನು ಕೇಳಿಸಿಕೊಂಡರು. ಟವೆಲ್ ಎತ್ತಿ, ಅಣ್ಣನ ಕೈಯನ್ನು ನಿಧಾನವಾಗಿ ಬಗ್ಗಿಸಿ ನೋಡಿ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರು.

"ನೀವು ತಲಿ ಹೆಂಗೈತಿ ಅಂತ ಕೇಳ್ತಿದ್ರಿ. ತಲಿ ಛಲೋ ಐತ್ರಿ."

ವೈನಿ ಎರಡೂ ಸ್ಟ್ರಿಪ್ ಕಸಿದುಕೊಂಡರು. ಯಾವ ಗುಳಿಗೆಯೂ ಪುಕ್ಕಟೆ ದುಡಿಯುವುದಿಲ್ಲ, ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗಬೇಕೆಂದಿಲ್ಲ ಎಂದು ಡಾಕ್ಟರು ಇಬ್ಬರನ್ನೂ ಗದರಿಸಿದರು. ಅಣ್ಣನಿಗೆ ಹಳೆಯದನ್ನು ತುಸುತುಸುವೇ ಇಳಿಸಿ, ಮೂರನೆಯದೊಂದನ್ನು ಶುರು ಮಾಡಿದರು. ಈಗ ಅವನು ಮಧ್ಯಾಹ್ನ ಕೂತಲ್ಲೇ ತೂಕಡಿಸುತ್ತಾನೆ. ಎದ್ದು ಎಳೆಗೆ ಗಂಟು ಹಾಕುತ್ತಾನೆ.

ಇದನ್ನು ಕಣ್ಣಾರೆ ಕಂಡವರಲ್ಲಿ ಡಾಕ್ಟರು, ವೈನಿ, ಅಣ್ಣ ಇದ್ದಾರೆ. ದಲಾಲಿಯೂ ಇದ್ದಾನೆ. ಮೊನ್ನೆ ಮಹಾಲಿಂಗಪುರದ ಬಸ್ ನಿಲ್ದಾಣದಲ್ಲಿ ಸಿಕ್ಕು, ಅಣ್ಣನ ಬೆರಳು ಮಡಚುತ್ತವೆಯೇ ಎಂದು ಕೇಳಿದ. ಮಡಚುತ್ತವೆ ಎಂದೆ.

"ಹಂಗಾರ ಐಬ ಹೋತ ಬಿಡ್ರಿ," ಎಂದು ಮಿರ್ಚಿ ಅಂಗಡಿಯ ಕಡೆಗೆ ನಡೆದ.