ಸದಾಶಿವಣ್ಣನವರ ಸ್ಟೂಲು

ದೆವ್ವದ ಸುದ್ದಿ ಕೇಳಿದರೆ ಸದಾಶಿವಣ್ಣ ಮೊದಲು ಸ್ಟೂಲು ಕೇಳುತ್ತಿದ್ದರು. ಹಣೆ ತುಂಬ ವಿಭೂತಿ, ಅಂಗಿಯ ಜೇಬಿನಲ್ಲಿ ಕನ್ನಡಕದ ಪಕ್ಕ ಟೆಸ್ಟರ್. ಮೋಟಾರ್ ರಿಪೇರಿ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು, ವೆಸ್ಟ್ ಮಾಂಬಲಂನ ನಮ್ಮ ಫ್ಲಾಟುಗಳ ನೆಲಮಹಡಿಯಲ್ಲಿದ್ದರು. ನಮ್ಮ ಅಡುಗೆಮನೆಯಲ್ಲಿ ಏನೋ ನರಳುತ್ತದೆ ಎಂದು ನಾನು ಕರೆದಾಗ ಹತ್ತಿ ನೋಡಿ, "ನಿಮ್ಮ ಪಿಶಾಚಿಗೆ ಎಣ್ಣೆ ಬೇಕಮ್ಮ" ಎಂದು ಗೋಡೆಯ ಫ್ಯಾನಿಗೆ ಎರಡು ಹನಿ ಬಿಟ್ಟು ಇಳಿದಿದ್ದರು.

ಎದುರುಮನೆ ಶಾರದಮ್ಮನ ವಿಷಯ ಅಷ್ಟು ಸಲೀಸಾಗಿರಲಿಲ್ಲ. ಯಜಮಾನರು ತೀರಿಕೊಂಡ ಎರಡನೇ ತಿಂಗಳಿಂದ ದಿನಾ ಸಂಜೆ ನಾಲ್ಕು ಗಂಟೆಗೆ ಅವರ ಕಾಲಿಂಗ್ ಬೆಲ್ ಹೊಡೆದುಕೊಳ್ಳುತ್ತಿತ್ತು. ಬಾಗಿಲಲ್ಲಿ ಯಾರೂ ಇಲ್ಲ. ಯಜಮಾನರು ಕಾಫಿಗೆ ಬರುತ್ತಿದ್ದದ್ದೂ ಅದೇ ಹೊತ್ತಿಗೆ. ಶಾರದಮ್ಮ ಎರಡು ಲೋಟ ಕಾಫಿ ಬೆರೆಸಿ, ಒಂದನ್ನು ಅವರ ಕುರ್ಚಿಯ ಮುಂದಿಟ್ಟು ಮಾತಾಡತೊಡಗಿದರು. ಊರಿನ ಇನ್ನೊಂದು ತುದಿಯ ಮಾಧವರಂನಲ್ಲಿದ್ದ ಮಗಳು ಲತಾ ಇದನ್ನು ಕಂಡು ಹೆದರಿ, ಮನೆಗೆ ಬೀಗ ಹಾಕಿ ಅಮ್ಮನನ್ನು ಕರೆದೊಯ್ಯಲು ನಿಂತಳು.

"ನಾನು ಬರಲ್ಲ ಕಣೇ. ಅವರು ಬಂದ್ರೆ ಬಾಗಿಲು ತೆಗೆಯೋರು ಯಾರು?"

"ಕೊಂಜ ಇರಮ್ಮ ಲತಾ, ಸ್ವಲ್ಪ ತಾಳು, ಎರಡು ದಿನ ಟೈಮ್ ಕೊಡು" ಎಂದರು ನಾನು ಕರೆತಂದಿದ್ದ ಸದಾಶಿವಣ್ಣ.

ಮೊದಲ ದಿನ ಬೆಲ್ಲನ್ನು ಬಿಚ್ಚಿ ನೋಡಿ ಜೋಡಿಸಿದರು. ಮರುದಿನ ನಾಲ್ಕಕ್ಕೆ ಮೇಲಿನ ಮನೆಗೆ ಹೋಗಿ ಬಂದರು. ಅಲ್ಲಿ ಹೊಸದಾಗಿ ಹಾಕಿದ ಬೆಲ್ಲೂ ಇವರ ಬೆಲ್ಲಿನಂಥದ್ದೇ, ವೈರಿಲ್ಲದ್ದು, ಎರಡಕ್ಕೂ ಒಂದೇ ಸಿಗ್ನಲ್. ದಿನಾ ನಾಲ್ಕಕ್ಕೆ ಕೆಲಸದವಳು ಬಂದು ಅಲ್ಲಿ ಒತ್ತಿದರೆ ಇಲ್ಲೂ ಹೊಡೆದುಕೊಳ್ಳುತ್ತಿತ್ತು.

ಲತಾ ನಿರಾಳವಾಗಿ ನಕ್ಕಳು. "ನೋಡಮ್ಮ, ಸೂಪರ್‌ನ್ಯಾಚುರಲ್ಲೂ ಇಲ್ಲ, ಏನೂ ಇಲ್ಲ."

ಶಾರದಮ್ಮ ಎರಡನೇ ಲೋಟ ಎತ್ತಿಕೊಂಡು ಸಿಂಕಿನತ್ತ ಹೊರಟರು.

"ಚೆಲ್ಲಬೇಡಿ ತಾಯಿ, ಇಲ್ಲಿ ಕೊಡಿ" ಎಂದು ಸದಾಶಿವಣ್ಣ ಲೋಟ ತೆಗೆದುಕೊಂಡರು. ಒಂದು ಗುಟುಕು ಕುಡಿದು ಲತಾಳ ಕಡೆ ತಿರುಗಿದರು. "ನೀನಂದ ಆ ಪದಕ್ಕೆ ಅರ್ಥ ಹೇಳ್ಲಾ? ಸ್ಟೂಲು ಹತ್ತಿ ನೋಡೋಕೆ ಮುಂಚೆ ಅದನ್ನ ಹೇಳಿದ್ರೆ ಬರೀ ಸೋಮಾರಿತನ. ನೋಡಿದ ಮೇಲೂ ಏನಾದ್ರೂ ಉಳೀತು ಅನ್ನು, ಆಗ ಹೇಳಬಹುದು. ಬೆಲ್ ಏನು ಅಂತ ಗೊತ್ತಾಯ್ತು. ಆದ್ರೆ ನಿಮ್ಮಮ್ಮ ಒಂದು ದಿನಾನೂ ಬಿಡದೆ ಈ ಲೋಟಕ್ಕೆ ಅವರ ಅಳತೆಗೇ ಸಕ್ಕರೆ ಹಾಕಿದಾರಲ್ಲ, ಅದು ನನ್ನ ಟೆಸ್ಟರ್‌ಗೆ ಸಿಗಲಿಲ್ಲ. ಅಬ್ಬಾ, ಏನು ಸಿಹಿ."

"ಅವರಿಗೆ ಮೂರು ಚಮಚ," ಎಂದರು ಶಾರದಮ್ಮ.

"ನನಗೆ ಒಂದು ಸಾಕು. ನಾಳೆಯಿಂದ."

ಲತಾ ಆ ಸಂಜೆ ಒಬ್ಬಳೇ ಮಾಧವರಂ ಬಸ್ಸು ಹತ್ತಿದಳು.

ಎರಡು ವರ್ಷ ಸದಾಶಿವಣ್ಣ ಆ ಹೊತ್ತು ತಪ್ಪಿಸಲಿಲ್ಲ. ಕಾಫಿಗಿಂತ ಅವರಿಬ್ಬರ ಜಗಳವೇ ಜಾಸ್ತಿ ಎನ್ನುವಂತೆ ನಮಗೆಲ್ಲ ಕೇಳಿಸುತ್ತಿತ್ತು. ಹೋದ ಆಡಿ ತಿಂಗಳಲ್ಲಿ, ನಮ್ಮ ಆಷಾಢದ ಹೊತ್ತಿಗೆ, ಮಧ್ಯಾಹ್ನ ಊಟ ಮಾಡಿ ಮಲಗಿದ ಸದಾಶಿವಣ್ಣ ಮತ್ತೆ ಏಳಲಿಲ್ಲ. ವಾರ ಕಳೆದ ಮೇಲೆ ಒಂದು ದಿನ ನಾಲ್ಕು ಗಂಟೆಗೆ ಶಾರದಮ್ಮ ತಟ್ಟೆಯಲ್ಲಿ ಎರಡು ಲೋಟ ಇಟ್ಟುಕೊಂಡು ನಮ್ಮ ಬಾಗಿಲಿಗೆ ಬಂದರು.

"ನಿನಗೆ ಎಷ್ಟು ಚಮಚ?" ಎಂದು ಕೇಳಿದರು.