ನನ್ನ ತಲೆ ಮುಟ್ಟಿಸಿ ಮಾಡಿಸಿದ ಆಣೆ

ನನ್ನ ಕಾಯಿಲೆಗೆ ತಾನೇ ಕಾರಣ ಎಂದು ನನ್ನ ಮಗಳು ಐದು ವರ್ಷ ನಂಬಿಕೊಂಡಿದ್ದಳು. ಅದು ಸುಳ್ಳೆಂದು ನನಗೆ ಗೊತ್ತಿತ್ತು — ಮೊದಲ ದಿನದಿಂದಲೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಸುಮ್ಮನಿದ್ದರೆ ನನಗೆ ಅನುಕೂಲವಿತ್ತು.

ನಾನು ಹನುಮಸಾಗರದಲ್ಲಿ ಅಂಗನವಾಡಿ ಕಾರ್ಯಕರ್ತೆ. ಗುಮ್ಮ ಬಂತೆಂದು ಮಕ್ಕಳನ್ನು ಹೆದರಿಸಬೇಡಿ ಎಂದು ಊರಿನ ತಾಯಂದಿರಿಗೆ ಬುದ್ಧಿ ಹೇಳುವುದು ನನ್ನ ಕೆಲಸ. ಇದಕ್ಕೆ ನೀವು ನಕ್ಕರೂ ಸರಿ, ಉಗಿದರೂ ಸರಿ.

ಮಗಳ ಹೆಸರು ಸಹನಾ. ಹೆಸರಿಡುವಾಗ ನಮಗೇನು ಗೊತ್ತು! ಖುಷಿಯಾದರೆ ಓಣಿಗೆಲ್ಲ ಕೇಳುವಂತೆ ಕೂಗಿ ಕುಣಿಯುವಳು. ಅಷ್ಟರಲ್ಲಿ ಯಾರಾದರೂ ಒಂದು ಮಾತು ಅಂದರೆ ಮುಗಿಯಿತು — ಕೈಗೆ ಸಿಕ್ಕಿದ್ದನ್ನು ಎಸೆಯುವಳು. ಆಮೇಲೆ ಎಸೆದದ್ದನ್ನು ತಾನೇ ಆಯುತ್ತ ಬಿಕ್ಕಿ ಬಿಕ್ಕಿ ಅಳುವಳು. ಕೊಪ್ಪಳದ ಡಾಕ್ಟರು ಇದಕ್ಕೆ ಎಡಿಎಚ್‌ಡಿ ಎಂದರು. ಗಮನ ನಿಲ್ಲುವುದಿಲ್ಲ ಎಂಬುದಷ್ಟೇ ಅಲ್ಲ, ಇಂಥ ಮಕ್ಕಳಿಗೆ ಸಿಟ್ಟು, ಸಂತೋಷ, ದುಃಖ ಎಲ್ಲವೂ ಜೋರಾಗಿಯೇ ಬರುತ್ತವೆ, ತಡೆದುಕೊಳ್ಳುವುದು ಅವರಿಗೆ ಕಷ್ಟ ಎಂದು ವಿವರಿಸಿದರು. ನಾನು ತಲೆಯಾಡಿಸಿ ಬಂದೆ. ಊರಲ್ಲಿ ಯಾರಿಗೂ ಹೇಳಲಿಲ್ಲ. ಅಂಗನವಾಡಿ ಟೀಚರಮ್ಮನ ಮಗಳಿಗೇ ಹೀಗಂತೆ ಎಂದು ಜನ ಆಡಿಕೊಂಡರೆ...

ಅವಳಿಗೆ ಹನ್ನೊಂದು ವರ್ಷವಿದ್ದಾಗ ನಮ್ಮ ಮನೆಯಲ್ಲಿ ನಾದಿನಿಯ ಕುಬಸ ಇಟ್ಟುಕೊಂಡಿದ್ದೆವು. ಬಸುರಿಗೆ ಹೆಂಗಸರೆಲ್ಲ ಸೇರಿ ಉಡಿ ತುಂಬುವ ಹೊತ್ತು. ಸಹನಾ ಖುಷಿಗೆ ಜಿಗಿಯುತ್ತಿದ್ದಳು. ಯಾರೋ "ಏ, ಹುಚ್ಚೀ, ಸುಮ್ನ ಕುಂದ್ರು" ಎಂದು ಗದರಿದರು. ಆರತಿ ತಟ್ಟೆ ಗೋಡೆಗೆ ಬಡಿದು ಬಿತ್ತು. ದೀಪ ಆರಿತು. ಎಲ್ಲರೂ ನನ್ನ ಮುಖ ನೋಡಿದರು.

ನಾನು ಅವಳನ್ನು ಅಡುಗೆಮನೆಗೆ ದರದರ ಎಳೆದೊಯ್ದು, ಅವಳ ಕೈ ಹಿಡಿದು ನನ್ನ ನೆತ್ತಿಯ ಮೇಲೆ ಇಟ್ಟುಕೊಂಡೆ.

"ನನ್ನಾಣಿ ಮಾಡು. ಇನ್ನ ಸಿಟ್ಟು ಮಾಡಂಗಿಲ್ಲ ಅನ್ನು. ಆಣಿ ಮುರದ್ರ ನಾ ಉಳಿಯಂಗಿಲ್ಲ, ನೋಡು."

ಅವಳು ಆಣೆ ಮಾಡಿದಳು.

ಹನ್ನೊಂದು ದಿನ ತಡೆದುಕೊಂಡಳು. ಆ ಹನ್ನೊಂದು ದಿನ ಅವಳಿಗೆ ಎಷ್ಟು ಕಷ್ಟವಾಗಿತ್ತೋ ನಾನು ಯೋಚಿಸಲೂ ಇಲ್ಲ. ಹನ್ನೆರಡನೆಯ ದಿನ ಶಾಲೆಯಲ್ಲಿ ಯಾರೋ ಅವಳ ನೋಟ್‌ಬುಕ್ ಹರಿದರು, ಇವಳು ಕಂಪಾಸ್ ಪೆಟ್ಟಿಗೆ ಬೀಸಿ ಒಗೆದಳು. ಅದೇ ವಾರ ನನಗೆ ಹೊಟ್ಟೆನೋವು ವಿಪರೀತವಾಗಿ, ಕೊಪ್ಪಳದಲ್ಲಿ ಆಪರೇಷನ್ ಆಯಿತು. ಪಿತ್ತಕೋಶದಲ್ಲಿ ಕಲ್ಲು. ಕುಬಸಕ್ಕೆ ಎರಡು ತಿಂಗಳ ಮೊದಲೇ ಕುಷ್ಟಗಿಯಲ್ಲಿ ಸ್ಕ್ಯಾನ್ ಮಾಡಿ ಇದನ್ನೇ ಹೇಳಿದ್ದರು. ಅದು ನನಗೂ ನನ್ನ ಗಂಡನಿಗೂ ಮಾತ್ರ ಗೊತ್ತಿತ್ತು.

ಆಸ್ಪತ್ರೆಯ ಮಂಚದ ಹತ್ತಿರ ಬಂದು ಕೇಳಿದಳು: "ಯವ್ವಾ, ನಾ ಆಣಿ ಮುರದಿದ್ದಕ್ಕ ನಿನಗ ಹಿಂಗಾತೇನಬೇ?"

ಅಲ್ಲ ಎನ್ನಬೇಕಿತ್ತು. ಅಷ್ಟೇ. ನಾನು ಅಂದದ್ದು — "ಇನ್ನ ಮ್ಯಾಲರ ಶಾಣ್ಯಾಕಿ ಆಗಿರು."

ಶಾಣ್ಯಾಕಿ ಆದಳು. ಕೂಗಾಟ ನಿಂತಿತು, ಎಸೆದಾಟ ನಿಂತಿತು. ಶಾಲೆಯವರು ಹೊಗಳಿದರು. ನಾನು ತಾಯಂದಿರ ಸಭೆಯಲ್ಲಿ ಎದೆಯುಬ್ಬಿಸಿ, "ಪ್ರೀತೀಲೆ ಹೇಳಿದ್ರ ಮಕ್ಕಳು ಕೇಳ್ತಾವ್ರಿ" ಎಂದೆ. ಇದನ್ನು ಬರೆಯುವಾಗ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿದೆ. ಮನೆಯಲ್ಲಿ ಅವಳು ರಕ್ತ ಬರುವವರೆಗೆ ಉಗುರು ಕಡಿಯುತ್ತಿದ್ದಳು. ನಾನು ಒಂದು ಸಲ ಕೆಮ್ಮಿದರೆ ಎಲ್ಲಿದ್ದರೂ ಓಡಿಬಂದು ಹಣೆ ಮುಟ್ಟಿ ನೋಡುತ್ತಿದ್ದಳು. ಕಂಡೂ ಕಾಣದವಳಂತೆ ಇದ್ದೆ. ಮನೆ ತಣ್ಣಗಿತ್ತಲ್ಲ.

ಕಳೆದ ತಿಂಗಳು ಅವಳ ಕಾಲೇಜಿನವರು ಕಬಡ್ಡಿಯಲ್ಲಿ ಗೆದ್ದರು. ಕೊನೆಯ ಅಂಕ ತಂದವಳು ಇವಳೇ. ಹುಡುಗಿಯರೆಲ್ಲ ಕೇಕೆ ಹಾಕಿ ಕುಣಿಯುತ್ತಿದ್ದರೆ ಇವಳು ಮುಷ್ಟಿ ಬಿಗಿದುಕೊಂಡು ಮೂಲೆಯಲ್ಲಿ ನಿಂತಿದ್ದಳು. ಮನೆಗೆ ಬಂದಮೇಲೆ, ಒಂಚೂರು ನಗಬಾರದೇ ಎಂದು ಕೇಳಿದೆ.

"ಖುಷಿ ಭಾಳ ಆದ್ರ ಅದರ ಹಿಂದ ಸಿಟ್ಟೂ ಬರ್ತೈತಿ ಯವ್ವಾ. ಸಿಟ್ಟು ಬಂದ್ರ ಮತ್ತ ನಿನಗ ಏನರ ಆಕ್ಕೈತಿ" ಎಂದಳು. ಊಟ ಆಯಿತೇ ಎಂದು ಕೇಳಿದಷ್ಟು ಸಹಜವಾಗಿ ಹೇಳಿದಳು.

ನಾನು ಸಿಟ್ಟನ್ನಷ್ಟೇ ನಿಲ್ಲಿಸಿದ್ದೇನೆ ಅಂದುಕೊಂಡಿದ್ದೆ. ನನ್ನ ಮಗಳು ನಗುವುದಕ್ಕೂ ಹೆದರಿಕೊಂಡು ಬೆಳೆದಿದ್ದಳು.

ಅಲ್ಲಿಯೇ ಕುಳಿತು ಎಲ್ಲ ಹೇಳಿದೆ. ಸ್ಕ್ಯಾನು, ಕಲ್ಲು, ಅಲ್ಲ ಎನ್ನದೆ ಉಳಿದದ್ದು. ಅವಳು ಒಂದೇ ಕೇಳಿದಳು: "ನಾ ಕೇಳಿದಾಗ ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

ಆಮೇಲೆ ಅವಳು ಕೂಗಿದಳು. ಐದು ವರ್ಷದ್ದೆಲ್ಲ ಸೇರಿಸಿ ಕೂಗಿದಳು. ಏನೇನೋ ಅಂದಳು, ಅಂದದ್ದೆಲ್ಲ ನಿಜವೇ. ಪಕ್ಕದ ಮನೆಯವರು ಗಾಬರಿಯಾಗಿ ಬಾಗಿಲಿಗೆ ಬಂದರು. "ಏನ್ ಮಾಡಿದ್ಲ್ರೀ ನಿಮ್ಮ ಹುಡುಗಿ?"

"ಅಕಿ ಏನೂ ಮಾಡಿಲ್ಲರಿ. ನಾ ಮಾಡೀನಿ" ಎಂದೆ.

ಇವತ್ತಿಗೂ ಅವಳು ನನ್ನ ಹತ್ತಿರ ನೆಟ್ಟಗೆ ಮಾತಾಡಿಲ್ಲ. ಮಾತಾಡು ಎಂದು ಕೇಳುವ ಮುಖ ನನಗಿಲ್ಲ.