ಹೋದ ವಾರದ ಗುಂಡಿ

ಒಬ್ಬರೇ ಕುಳಿತು ಅತ್ತರೆ ಅದಕ್ಕೊಂದು ಘನತೆಯಿದೆ. ಒಬ್ಬರೇ ಕುಳಿತು ನಕ್ಕರೆ ಮಾತ್ರ ಮನೆಯವರು ಬಂದು ಹಣೆ ಮುಟ್ಟಿ ನೋಡುತ್ತಾರೆ. ಗಡಿಯಾಚೆ ತಮಿಳು ಸೀಮೆಗೆ ಸೇರಿದ ಅವಲಪಲ್ಲಿಯ ನಮ್ಮ ಮನೆಯಲ್ಲಿ ಭಾನುವಾರದ ಕಾಫಿಯ ಹೊತ್ತಿಗೆ ನನಗೆ ಈ ಗೌರವ ಸಲ್ಲುತ್ತದೆ. ಕಾರಣ, ನಾನು ಮೊಬೈಲಿನಲ್ಲಿ ನೋಡುವ ಒಂದು ಹಳೆಯ ಕನ್ನಡ ಹಾಸ್ಯ ಧಾರಾವಾಹಿ. ಅದರ ನಾಯಕನೊಬ್ಬ ಭ್ರಷ್ಟಶಿರೋಮಣಿ ಶಾಸಕ. ಒಂದೇ ಸೇತುವೆಗೆ, ಒಂದೇ ಜಾಗದಲ್ಲಿ, ಪ್ರತಿ ವಾರವೂ ನವನವೋತ್ಸಾಹದಿಂದ ಗುದ್ದಲಿಪೂಜೆ ಮಾಡುವವನು.

ಇದನ್ನು ನಾನು ಮೊದಲು ನೋಡಿದ್ದು ಇದೇ ಸೀಮೆಯ ತಳಿ ಎಂಬ ಊರಿನಲ್ಲಿ, ನನ್ನನ್ನು ಸಾಕಿದ ಚಿಕ್ಕಮ್ಮನ ಮನೆಯಲ್ಲಿ. ನಾವೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರೆ ಚಿಕ್ಕಮ್ಮನಿಗೆ ಅದು ಹಾಸ್ಯವೆಂದು ಕಡೆಯವರೆಗೂ ಅನ್ನಿಸಲಿಲ್ಲ. ಚಾಪೆಯ ಮೇಲೆ ಸೇವಂತಿಗೆ ಕಟ್ಟುತ್ತ ಕೂತವಳು, ಶಾಸಕ ಗುದ್ದಲಿ ಎತ್ತಿದ ಕೂಡಲೇ ಟೀವಿಯನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು: "ಹೋದ್ವಾರಾನೂ ಇಲ್ಲೇ ಅಗುದ್ಯಲ್ಲಲಾ, ಆ ಗುಂಡಿ ಎಲ್ಲೋಯ್ತು?" ಸಿಟ್ಟಿಗೆ ದಾರ ಬಿಗಿದು ಹೂವಿನ ತೊಟ್ಟು ಪಟ್ಟೆಂದು ಮುರಿಯುತ್ತಿತ್ತು. ಧಾರಾವಾಹಿಯ ದಿನ ನಮ್ಮೂರ ದೇವರಿಗೆ ಸಲ್ಲುತ್ತಿದ್ದ ಮಾಲೆ ಗೇಣುದ್ದ ಕಡಿಮೆಯೇ.

ಒಮ್ಮೆ ನಿಜವಾದ ಚುನಾವಣೆ ಬಂತು. ದೂರದ ಜಿಲ್ಲೆಯ ತಮಿಳು ಅಭ್ಯರ್ಥಿಯೊಬ್ಬರು ಬಿಳಿ ಅಂಗಿ ತೊಟ್ಟು ನಮ್ಮ ಬಾಗಿಲಲ್ಲಿ ಕೈಮುಗಿದು ನಿಂತರು. ವಾಡಿಕೆಯಂತೆ ನೀರು ಕೊಟ್ಟ ಚಿಕ್ಕಮ್ಮ, ಟೀವಿಯವನಿಗೆ ಎತ್ತಿಟ್ಟಿದ್ದನ್ನೆಲ್ಲ ಈ ಮನುಷ್ಯನ ಮೇಲೆ ಸುರಿದಳು. ಸೇತುವೆ, ಗುದ್ದಲಿ, ಗುಂಡಿ ಯಾವುದೂ ಉಳಿಯಲಿಲ್ಲ. ಕನ್ನಡದ ಗಂಧವಿಲ್ಲದ ಆ ಪುಣ್ಯಾತ್ಮರು ಅದನ್ನು ಆಶೀರ್ವಾದವೆಂದೇ ಬಗೆದು, ಬಗ್ಗಿ ಅವಳ ಪಾದ ಮುಟ್ಟಿ ಮುಂದಿನ ಮನೆಗೆ ಹೋದರು. ನಾನು ನಗಲು ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿಕೊಂಡೆ.

"ಬೈದುದ್ದೂ ತಿಳೀನಿಲ್ಲ ಕಣ್ಲಾ ಅವ್ನಿಗೆ. ಟೀವಿಯವ್ನೇ ವಾಸಿ, ಮೋಸ ಮಾಡುದ್ರೂ ನಮ್ ಮಾತ್ನಾಗೆ ಮಾಡ್ತಾನೆ," ಎಂದಳು.

ಚಿಕ್ಕಮ್ಮ ಹೋಗಿ ವರ್ಷಗಳಾದವು. ಕಾರ್ಖಾನೆಯಲ್ಲಿ ತಮಿಳು, ಇಂಗ್ಲಿಷು, ತೆಲುಗು ಮೂರರಲ್ಲೂ ಬೈಸಿಕೊಂಡು ಪರಿಣತನಾದ ನನಗೆ ಆ ಮಾತಿನ ಅರ್ಥ ಈಗೀಗ ಆಗುತ್ತಿದೆ. ನಿಜ ಹೇಳುತ್ತೇನೆ, ನನಗೆ ಬೇಕಾಗಿರುವುದು ಆ ಧಾರಾವಾಹಿಯಲ್ಲ. ಅದನ್ನು ಬೈಯುತ್ತಿದ್ದ ಬಾಯಿ. ಅವಳಿಲ್ಲದೆ ಆ ಶಾಸಕನೂ ಯಾರೂ ಕೇಳುವವರಿಲ್ಲದ ಅನಾಥನಂತೆ ಕಾಣುತ್ತಾನೆ.

ಕಳೆದ ಭಾನುವಾರ ಮಗಳು ಬಂದು ಪಕ್ಕದಲ್ಲಿ ಕೂತಳು. ಶಾಲೆಯಲ್ಲಿ ಅವಳದು ತಮಿಳು. ಮನೆಯಲ್ಲಿ ನಮ್ಮ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ ಬರುತ್ತದೆ. ವಿವರಿಸಿದ ಹಾಸ್ಯ ಆರಿದ ಮುದ್ದೆಯಂತೆ ಎಂದು ತಿಳಿದೂ, ಶಾಸಕನ ಗುದ್ದಲಿಪೂಜೆಗಳ ಚರಿತ್ರೆಯನ್ನು ಸಾದ್ಯಂತ ವಿವರಿಸಿದೆ. ಅವಳು ನಗಲಿಲ್ಲ. ಹುಬ್ಬು ಗಂಟಿಕ್ಕಿ ಪರದೆಯನ್ನೇ ನೋಡಿ, ಅಪ್ಪಟ ತಮಿಳಿನಲ್ಲಿ, ಹಾಗಾದರೆ ಹೋದ ವಾರ ತೋಡಿದ ಗುಂಡಿ ಎಲ್ಲಿ ಹೋಯಿತಪ್ಪಾ ಎಂದು ಸಿಟ್ಟಿನಿಂದ ಕೇಳಿದಳು.

ನಾನು ಜೋರಾಗಿ ನಕ್ಕೆ. ಒಳಗಿನಿಂದ ಹೆಂಡತಿ ಬಂದು ಎಂದಿನಂತೆ ಹಣೆ ಮುಟ್ಟಿದಳು. ಆಮೇಲೆ ಕೈ ಸರಿಸಿ, ಸೆರಗಿನಿಂದ ನನ್ನ ಕಣ್ಣು ಒರೆಸಿದಳು.